ಚಾಲಕರಹಿತ ಕಾರಿನಲ್ಲಿ ದೃಷ್ಟಿ ಮತ್ತು ಭಾಷೆಯ ಜೋಡಣೆ: ಮಾದರಿಯನ್ನು ಆರಿಸುವ ಮೊದಲು ಪರೀಕ್ಷೆಯನ್ನು ಆರಿಸಿ

ಚಾಲಕರಹಿತ ಕಾರಿನ ಕುರಿತ ನಿಮ್ಮ ಸಂಶೋಧನೆಗಾಗಿ ನೀವು ಮುಖ್ಯವಾಗಿ ಎರಡು ವಿಷಯ ಕೇಳಿದ್ದೀರಿ. ಕ್ಯಾಮೆರಾ ಗುರುತಿಸಿದ್ದನ್ನು ವಾಕ್ಯಗಳಾಗಿ ಬರೆದು ದೊಡ್ಡ ಭಾಷಾ ಮಾದರಿಗೆ (ಅಪಾರ ಬರಹದಿಂದ ವಾಕ್ಯ ಹೆಣೆಯಲು ಕಲಿತ ಪ್ರೋಗ್ರಾಂಗೆ) ಕೊಡಬೇಕೋ ಅಥವಾ ಚಿತ್ರವನ್ನೇ ನೇರವಾಗಿ ಓದುವ ದೃಷ್ಟಿ-ಭಾಷಾ ಮಾದರಿಯನ್ನು ತರಬೇತುಗೊಳಿಸಬೇಕೋ ಎಂಬುದು ಒಂದು. ಕಾರು ತನ್ನ ನಿರ್ಧಾರದ ಕಾರಣವನ್ನು ತಾನೇ ಹೇಳಿದರೆ ಪ್ರಯಾಣಿಕರ ನಂಬಿಕೆ ಹೆಚ್ಚುತ್ತದೆಯಲ್ಲವೇ ಎಂಬುದು ಇನ್ನೊಂದು. ಬಹುಮಟ್ಟಿಗೆ ಇದೇ ಮಾತುಗಳನ್ನು ನಾನು ನನ್ನ ಸಂಶೋಧನಾ ಪ್ರಸ್ತಾವದ ಮೊದಲ ಪುಟದಲ್ಲಿ ಬರೆದಿದ್ದೆ. ಮೊದಲನೆಯ ಪ್ರಶ್ನೆಗೆ ವಿಪರೀತ ತಲೆಕೆಡಿಸಿಕೊಂಡು, ಎರಡನೆಯದರ ಉತ್ತರ ಹೌದೆಂದು ಯೋಚಿಸದೆ ಒಪ್ಪಿಕೊಂಡದ್ದೇ ಆ ಯೋಜನೆ ಮುಳುಗಲು ಕಾರಣವಾಯಿತು.

ಆಗ ನಾನು ಒಂದು ಸಣ್ಣ ತಂಡದಲ್ಲಿದ್ದೆ. ಕಾರು ಮತ್ತು ಕ್ಯಾಮೆರಾಗಳನ್ನು ಒದಗಿಸಿದ್ದ ಸಂಸ್ಥೆ ನಮ್ಮಿಂದ ಬಯಸಿದ್ದು ‘ಏಕೆ ನಿಂತೆ?’ ಎಂದು ಕೇಳಿದರೆ ಉತ್ತರಿಸುವ ವ್ಯವಸ್ಥೆಯನ್ನು. ಬರ್ಕ್ಲಿಯ ಸಂಶೋಧಕರು 2018ರಲ್ಲಿ ಹೊರತಂದ ಬಿಡಿಡಿ-ಎಕ್ಸ್ ಎಂಬ ದತ್ತಾಂಶದಲ್ಲಿ ಸುಮಾರು 7,000 ವಿಡಿಯೊಗಳಿವೆ. ಕಾರಿನ ಪ್ರತಿ ಚಲನೆಗೂ ‘ಏನು ಮಾಡುತ್ತಿದೆ’ ಎಂಬ ಒಂದು ವಾಕ್ಯವನ್ನೂ ‘ಏಕೆ’ ಎಂಬ ಇನ್ನೊಂದು ವಾಕ್ಯವನ್ನೂ ವಿಡಿಯೊ ನೋಡಿದವರು ಬರೆದಿದ್ದಾರೆ. ಅದೇ ರೀತಿಯಲ್ಲಿ ನಮ್ಮ ಕಾರಿನ ವಿಡಿಯೊಗಳಿಗೂ ವಾಕ್ಯಗಳನ್ನು ಬರೆಸಿದೆವು. ರಚನೆ ಇಂದು ಎಲ್ಲರೂ ಬಳಸುವಂಥದ್ದೇ: ಓಪನ್‌ಎಐ 2021ರಲ್ಲಿ 40 ಕೋಟಿ ಚಿತ್ರ-ಬರಹ ಜೋಡಿಗಳಿಂದ ಕಲಿಸಿದ ಕ್ಲಿಪ್ ಎಂಬ ಮಾದರಿಯ ಜಾತಿಗೆ ಸೇರಿದ ಒಂದು ಚಿತ್ರ-ಎನ್‌ಕೋಡರ್ (ಚಿತ್ರವನ್ನು ಸಂಖ್ಯಾರೂಪಕ್ಕೆ ತರುವ ಭಾಗ), 700 ಕೋಟಿ ಪ್ಯಾರಾಮೀಟರ್‌ಗಳ (ತರಬೇತಿಯಲ್ಲಿ ತಿದ್ದಲಾಗುವ ಸಂಖ್ಯೆಗಳ) ಒಂದು ಭಾಷಾ ಮಾದರಿ, ಇವೆರಡರ ನಡುವೆ ಚಿತ್ರದ ತುಣುಕುಗಳ ಸಂಖ್ಯಾರೂಪವನ್ನು ಪದಗಳ ಸಂಖ್ಯಾರೂಪಕ್ಕೆ ಒಗ್ಗಿಸುವ ಸಣ್ಣ ಪದರ. ಆ ನಡುವಿನ ಪದರ ಹೇಗಿರಬೇಕು ಎಂಬುದರ ಮೇಲೆ ನಾವು ಹೂಡಿದ ಶ್ರಮವನ್ನು ನೆನೆದರೆ ಈಗ ನಗು ಬರುತ್ತದೆ.

ಫಲಿತಾಂಶ ಚೆನ್ನಾಗಿಯೇ ಬಂತು. ಪ್ರದರ್ಶನಕ್ಕೆ ಬಂದವರ ಎದುರು ಪರದೆಯ ಮೇಲೆ ವಿಡಿಯೊ ಓಡುತ್ತಿದ್ದಂತೆ ‘ಮುಂದಿನ ದೀಪ ಕೆಂಪಾಗಿರುವುದರಿಂದ ಕಾರು ನಿಧಾನವಾಗಿ ನಿಲ್ಲುತ್ತಿದೆ’ ಎಂಬ ಅರ್ಥದ ವಾಕ್ಯ ಮೂಡಿದಾಗ ಎಲ್ಲರೂ ತಲೆದೂಗಿದರು. ಪ್ರಬಂಧವೂ ಅಂಗೀಕಾರವಾಯಿತು.

ನಮ್ಮ ಹೂರಣ ಹೊರಬಿದ್ದದ್ದು ಒಂದು ಫೋಲ್ಡರಿನಿಂದ. ಸಹೋದ್ಯೋಗಿಯೊಬ್ಬರು ಡಿಸ್ಕಿನಲ್ಲಿ ಜಾಗ ಮಾಡಿಕೊಳ್ಳಲು ಪರೀಕ್ಷೆಯ ಚಿತ್ರಗಳನ್ನು ಬೇರೆಡೆಗೆ ಸಾಗಿಸಿದ್ದರು. ಒಂದೆರಡು ಚಿತ್ರಗಳು ಕೆಟ್ಟಿದ್ದರೆ ಇಡೀ ಪ್ರೋಗ್ರಾಂ ನಿಂತುಹೋಗಬಾರದೆಂದು, ಸಿಗದ ಚಿತ್ರದ ಬದಲಿಗೆ ಅದೇ ಅಳತೆಯ ಕಪ್ಪು ಚಿತ್ರವನ್ನು ಕೊಡುವಂತೆ ನಾನೇ ಎಂದೋ ಬರೆದಿಟ್ಟಿದ್ದೆ. ಹೀಗಾಗಿ ಒಂದು ರಾತ್ರಿಯ ಮೌಲ್ಯಮಾಪನ ಸಂಪೂರ್ಣವಾಗಿ ಕಪ್ಪು ಚಿತ್ರಗಳ ಮೇಲೆಯೇ ನಡೆದುಹೋಯಿತು. ಬೆಳಿಗ್ಗೆ ನೋಡಿದರೆ ಅಂಕ ಇಳಿದಿತ್ತು, ಆದರೆ ತರಬೇತಿಯ ಒಂದು ಸುತ್ತಿನಿಂದ ಇನ್ನೊಂದು ಸುತ್ತಿಗೆ ಸಾಮಾನ್ಯವಾಗಿ ಏರಿಳಿಯುವಷ್ಟು ಮಾತ್ರ. ಲಾಗ್‌ನಲ್ಲಿ ಎಚ್ಚರಿಕೆಗಳ ಉದ್ದನೆಯ ಸಾಲು ಕಂಡು ಉತ್ತರಗಳನ್ನು ತೆರೆದೆ. ಏನೂ ಇಲ್ಲದ ಕಪ್ಪು ಚೌಕವನ್ನು ‘ನೋಡಿ’ ನಮ್ಮ ಮಾದರಿ ದೀಪ ಕೆಂಪಾಗಿದೆ ಎನ್ನುತ್ತಿತ್ತು, ಎಡಗಡೆಯ ಪಾದಚಾರಿಗೆ ದಾರಿ ಬಿಡುತ್ತಿದ್ದೇನೆ ಎನ್ನುತ್ತಿತ್ತು, ಮತ್ತು ಹೆಚ್ಚಿನ ಕಡೆ ಅದು ಜನ ಬರೆದಿದ್ದ ಮೂಲ ವಾಕ್ಯಕ್ಕೆ ಹೊಂದಿಕೆಯಾಗುತ್ತಿತ್ತು.

ಇದು ಹೇಗಾಯಿತೆಂಬುದನ್ನು ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲಿ ನೀವು ವಿವರಿಸಿರುವ ಇನ್‌ಪುಟ್‌ನಲ್ಲಿ ಅದೇ ಬೀಜ ಇದೆ. ಪ್ರಶ್ನೆಯ ಮೊದಲು ನಾವು ಕಾರಿನ ಹಿಂದಿನ ಕೆಲವು ಸೆಕೆಂಡುಗಳ ವೇಗವನ್ನೂ ಸ್ಟೀರಿಂಗ್ ಕೋನವನ್ನೂ ಅಂಕಿಗಳಾಗಿ ಬರೆದು ಕೊಡುತ್ತಿದ್ದೆವು. ನೀವೂ ‘ವಾಹನದ ಸ್ಥಿತಿಯನ್ನು ಪ್ರಾಂಪ್ಟ್‌ನಲ್ಲಿ (ಮಾದರಿಗೆ ಕೊಡುವ ಬರಹದಲ್ಲಿ) ಸೇರಿಸುತ್ತೇನೆ’ ಎಂದಿದ್ದೀರಿ. ಕಾರಿಗೆ ತನ್ನ ವೇಗ ಹೇಗೂ ಗೊತ್ತಿರುತ್ತದೆ, ಅದನ್ನು ಮುಚ್ಚಿಡುವುದೇಕೆ ಎಂಬ ವಾದ ಮೇಲುನೋಟಕ್ಕೆ ನ್ಯಾಯವಾಗಿಯೇ ಇದೆ. ಆದರೆ 38, 31, 22, 12, 4, 0 ಎಂಬ ಸರಣಿಯನ್ನು ಒಮ್ಮೆ ಗಮನಿಸಿ. ಇದು ಸಿಗ್ನಲ್ ಎದುರು ನಿಂತದ್ದು ಎಂದು ಅನುಭವಿ ಚಾಲಕರು ರಸ್ತೆಯನ್ನು ನೋಡದೆಯೇ ಹೇಳಬಲ್ಲರು. ವೇಗ ಅರ್ಧಕ್ಕೆ ಇಳಿದು ಸ್ಟೀರಿಂಗ್ ತಿರುಗಿದ್ದರೆ ಅದು ತಿರುವು. ಥಟ್ಟನೆ ಕುಸಿದು ಮತ್ತೆ ಏರಿದ್ದರೆ ಯಾರೋ ಅಡ್ಡ ಬಂದಿದ್ದಾರೆ. ನಾವು ಮಾದರಿಯಿಂದ ಕೇಳುತ್ತಿದ್ದ ‘ಏಕೆ’ ಎಂಬುದರ ಬಹುಪಾಲು ಉತ್ತರ ಆ ಅಂಕಿಗಳಲ್ಲೇ ಅಡಗಿತ್ತು. ಭಾಷಾ ಮಾದರಿಗೆ ಬರಹ ಓದುವುದು ಮೊದಲೇ ಕರಗತವಾದ ವಿದ್ಯೆ; ಚಿತ್ರದ ದಾರಿ ಅದಕ್ಕೆ ಹೊಸದು, ಕಷ್ಟದ್ದು. ತರಬೇತಿಯ ಆರಂಭದಲ್ಲೇ ಅಂಕಿಗಳ ಬಲದಿಂದ ಲಾಸ್ (ತಪ್ಪಿನ ಅಳತೆ) ಇಳಿದುಬಿಟ್ಟರೆ, ಚಿತ್ರದ ಪದರಗಳನ್ನು ತಿದ್ದಲು ಬೇಕಾದ ಒತ್ತಡವೇ ಉಳಿಯುವುದಿಲ್ಲ. ನಮ್ಮ ಮಾದರಿ ಪ್ರಶ್ನೆಪತ್ರಿಕೆಯ ಮೇಲಂಚಿನಲ್ಲೇ ಉತ್ತರ ಅಚ್ಚಾಗಿರುವುದನ್ನು ಕಂಡುಕೊಂಡ ವಿದ್ಯಾರ್ಥಿಯಂತೆ ವರ್ತಿಸಿತ್ತು, ಅಷ್ಟೇ.

ನೋವಿನ ಸಂಗತಿಯೆಂದರೆ ಇದರ ಬಗ್ಗೆ ನಾನು ಮೊದಲೇ ಓದಿದ್ದೆ. ಪಿಮ್ ಡೆ ಹಾನ್, ದಿನೇಶ್ ಜಯರಾಮನ್ ಮತ್ತು ಸೆರ್ಗೆಯ್ ಲೆವೀನ್ 2019ರ ತಮ್ಮ ಪ್ರಬಂಧದಲ್ಲಿ ಕೊಡುವ ಉದಾಹರಣೆ ಪ್ರಸಿದ್ಧವಾದದ್ದು: ಬ್ರೇಕ್ ಒತ್ತಿದಾಗ ಡ್ಯಾಶ್‌ಬೋರ್ಡಿನಲ್ಲಿ ಹೊತ್ತಿಕೊಳ್ಳುವ ದೀಪ ಚಿತ್ರದಲ್ಲಿ ಕಾಣುವಂತಿದ್ದರೆ, ಮಾದರಿ ಪಾದಚಾರಿಯನ್ನು ಬಿಟ್ಟು ಆ ದೀಪವನ್ನೇ ಬ್ರೇಕಿಗೆ ಕಾರಣವೆಂದು ಕಲಿಯುತ್ತದೆ, ತರಬೇತಿಯಲ್ಲಿ ಹೆಚ್ಚು ಅಂಕ ಪಡೆದು ರಸ್ತೆಯಲ್ಲಿ ಸೋಲುತ್ತದೆ. ಅದಕ್ಕೂ ಮೊದಲು, 2017ರಲ್ಲಿ, ಚಿತ್ರ-ಪ್ರಶ್ನೋತ್ತರದ ವಿಕ್ಯೂಎ ದತ್ತಾಂಶವನ್ನು ಪರಿಶೀಲಿಸಿದವರು ‘ಯಾವ ಕ್ರೀಡೆ’ ಎಂದು ಶುರುವಾಗುವ ಪ್ರಶ್ನೆಗಳಲ್ಲಿ ಶೇ. 41ಕ್ಕೆ ‘ಟೆನಿಸ್’ ಎಂಬುದೇ ಸರಿಯುತ್ತರ ಎಂದು ತೋರಿಸಿ, ಒಂದೇ ಪ್ರಶ್ನೆಗೆ ಬೇರೆ ಬೇರೆ ಉತ್ತರ ಬರುವ ಜೋಡಿ ಚಿತ್ರಗಳಿಂದ ದತ್ತಾಂಶವನ್ನು ಸರಿದೂಗಿಸಿದ್ದರು. ನನ್ನ ಪ್ರಬಂಧದ ಹಿನ್ನೆಲೆಯ ಭಾಗದಲ್ಲಿ ಇವೆರಡನ್ನೂ ಉಲ್ಲೇಖಿಸಿದ್ದೆ. ಉಲ್ಲೇಖಿಸಿದವನು ಅದೇ ಪರೀಕ್ಷೆಯನ್ನು ತನ್ನ ಮಾದರಿಗೆ ಒಡ್ಡಲಿಲ್ಲ.

ಅಂಕ ಅದನ್ನು ಬಯಲು ಮಾಡಬೇಕಿತ್ತಲ್ಲ ಎಂದು ನೀವು ಕೇಳಬಹುದು. ನಾವು ಬಳಸುತ್ತಿದ್ದದ್ದು ಬ್ಲೂ ಮತ್ತು ಅದರ ನೆಂಟರಿಷ್ಟರಾದ ಅಳತೆಗಳನ್ನು; ಬ್ಲೂ 2002ರಲ್ಲಿ ಯಂತ್ರಾನುವಾದವನ್ನು ಅಳೆಯಲು ಹುಟ್ಟಿದ್ದು, ಮೂಲ ವಾಕ್ಯದ ಪದಗಳೂ ಪದಗುಚ್ಛಗಳೂ ಎಷ್ಟು ಹೊಂದುತ್ತವೆ ಎಂದು ಎಣಿಸುತ್ತದೆ. ಪ್ರದರ್ಶನದಲ್ಲಿ ಮೂಡಿದ ಆ ಆರು ಪದಗಳ ವಾಕ್ಯದಲ್ಲಿ ‘ಕೆಂಪಾಗಿರುವುದರಿಂದ’ ಎಂಬಲ್ಲಿ ‘ಹಸಿರಾಗಿರುವುದರಿಂದ’ ಎಂದಿಟ್ಟರೂ ಐದು ಪದಗಳು ಹಾಗೆಯೇ ಹೊಂದುತ್ತವೆ. ಅನುವಾದದಲ್ಲಿ ಒಂದು ಪದ ತಪ್ಪಿದರೆ ಸಹಿಸಬಹುದು. ಇಲ್ಲಿ ಆ ಒಂದು ಪದದ ಮೇಲೆಯೇ ಇಡೀ ನಿರ್ಧಾರ ನಿಂತಿದೆ.

ಇನ್ನೂ ಒಂದು ಪದರ ಕೆಳಗಿಳಿದಾಗ ಗೊತ್ತಾದದ್ದು, ನಮ್ಮ ಮಾದರಿ ನೋಡಬೇಕೆಂದುಕೊಂಡಿದ್ದರೂ ನೋಡಲು ಸಾಧ್ಯವಿರಲಿಲ್ಲ ಎಂಬುದು. ಕ್ಯಾಮೆರಾದ ಚಿತ್ರ 1600 ಪಿಕ್ಸೆಲ್ ಅಗಲ, 900 ಪಿಕ್ಸೆಲ್ ಎತ್ತರ. ಎನ್‌ಕೋಡರ್ ಬಯಸುವುದು 336ರ ಚೌಕವನ್ನು. ಅದನ್ನು 14 ಪಿಕ್ಸೆಲ್‌ಗಳ ತುಣುಕುಗಳಾಗಿ, ಅಂದರೆ 24 ಸಾಲು, 24 ಕಂಬಗಳಲ್ಲಿ ಒಟ್ಟು 576 ಟೋಕನ್‌ಗಳಾಗಿ (ಮಾದರಿ ಓದುವ, ಬರೆಯುವ ಚಿಕ್ಕ ಘಟಕಗಳಾಗಿ) ಕತ್ತರಿಸುತ್ತದೆ. ದೂರದ ಸಿಗ್ನಲ್ ದೀಪ ಮೂಲ ಚಿತ್ರದಲ್ಲಿ 10 ಪಿಕ್ಸೆಲ್ ಅಗಲವಿತ್ತು ಎಂದುಕೊಂಡರೆ, ಕುಗ್ಗಿಸಿದ ಮೇಲೆ ಅದು ಎರಡು ಪಿಕ್ಸೆಲ್. ಒಂದೊಂದು ತುಣುಕೂ ಮೂಲ ಚಿತ್ರದ ಸುಮಾರು 67 ಪಿಕ್ಸೆಲ್ ಅಗಲವನ್ನು ನುಂಗಿಕೊಂಡಿರುತ್ತದೆ. ದೀಪ, ಕಂಬ, ಹಿಂದಿನ ಮರ, ಆಕಾಶ ಎಲ್ಲ ಸೇರಿ ಒಂದೇ ಟೋಕನ್. ಕ್ಲಿಪ್ ಕಲಿತದ್ದು ಚಿತ್ರದಲ್ಲಿ ಒಟ್ಟಾರೆ ಏನಿದೆ ಎಂಬುದನ್ನು, ಯಾವುದು ಎಲ್ಲಿದೆ ಎಂಬುದನ್ನಲ್ಲ. ಕುಗ್ಗಿಸಿದ ಚಿತ್ರವನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡುವ ಅಷ್ಟು ಚಿಕ್ಕ ಕೆಲಸವನ್ನು ತಂಡದಲ್ಲಿ ಯಾರೂ ಮಾಡಿರಲಿಲ್ಲ. ದಯವಿಟ್ಟು ಇಂದೇ ಮಾಡಿ: ಮಾದರಿಗೆ ಹೋಗುವ ಚಿತ್ರವನ್ನು, ಅದು ಹೋಗುವ ಅಳತೆಯಲ್ಲೇ ಉಳಿಸಿ, ದೀಪದ ಬಣ್ಣವನ್ನು ನೀವೇ ಹೇಳಬಲ್ಲಿರೋ ನೋಡಿ. ನಿಮ್ಮಿಂದ ಆಗದಿದ್ದರೆ ಮಾದರಿಯಿಂದಲೂ ಆಗದು.

ಪ್ರಬಂಧವನ್ನು ಹಿಂತೆಗೆದುಕೊಂಡೆವು. ಸಂಸ್ಥೆ ಕಾರನ್ನು ಮರಳಿ ಪಡೆಯಿತು. ಅವರನ್ನು ನಾನು ದೂರುವುದಿಲ್ಲ. ನನ್ನ ಪದವಿಯ ಕೆಲಸವನ್ನು ಬೇರೆ ವಿಷಯದಿಂದ ಮತ್ತೆ ಆರಂಭಿಸಬೇಕಾಯಿತು.

ಈ ಕಾಯಿಲೆ ನಮ್ಮೊಬ್ಬರದೇ ಆಗಿರಲಿಲ್ಲ ಎಂಬುದು ನಂತರ ತಿಳಿಯಿತು. ನುಸೀನ್ಸ್ ಎಂಬ ಬಹುಬಳಕೆಯ ದತ್ತಾಂಶದಲ್ಲಿ ಬಾಸ್ಟನ್ ಮತ್ತು ಸಿಂಗಪುರದ 1,000 ದೃಶ್ಯಗಳಿವೆ, ಪ್ರತಿಯೊಂದೂ 20 ಸೆಕೆಂಡಿನದು. ಅದರ ಮೇಲೆ ಪಥ-ಯೋಜನೆಯನ್ನು (ಕಾರು ಮುಂದೆ ಸಾಗಬೇಕಾದ ದಾರಿಯನ್ನು ನಿರ್ಧರಿಸುವುದನ್ನು) ಅಳೆಯುವವರು ಯಾವುದನ್ನು ಅಳೆಯುತ್ತಿದ್ದಾರೆ ಎಂದು ಪರೀಕ್ಷಿಸಿದ 2024ರ ಒಂದು ಅಧ್ಯಯನ, ಅದರ ಸುಮಾರು ಶೇ. 74ರಷ್ಟು ಭಾಗ ನೇರವಾಗಿ ಸಾಗುವ ಚಾಲನೆಯೇ ಆಗಿರುವುದನ್ನೂ, ಕಾರಿನ ಸ್ವಂತ ವೇಗದಂಥ ಮಾಹಿತಿಯೊಂದನ್ನೇ ನೆಚ್ಚಿಕೊಂಡ ಮಾದರಿಗಳು ಕ್ಯಾಮೆರಾ ಬಳಸುವ ಮಾದರಿಗಳಿಗೆ ಸರಿಸಮನಾಗಿ ನಿಲ್ಲುವುದನ್ನೂ ತೋರಿಸಿತು. 2025ರ ಡ್ರೈವ್‌ಬೆಂಚ್ ಅಧ್ಯಯನ 12 ದೃಷ್ಟಿ-ಭಾಷಾ ಮಾದರಿಗಳಿಗೆ ಕೆಡಿಸಿದ ಚಿತ್ರಗಳನ್ನೂ ಬರಿಯ ಬರಹವನ್ನೂ ಕೊಟ್ಟು ನೋಡಿ, ಚಿತ್ರದ ಆಧಾರವಿಲ್ಲದೆ ಸಾಮಾನ್ಯ ಜ್ಞಾನದ ಬಲದಿಂದಲೇ ಅವು ನಂಬುವಂಥ ಉತ್ತರಗಳನ್ನು ಹೆಣೆಯುತ್ತವೆ ಎಂದು ಕಂಡುಕೊಂಡಿತು. ಅದನ್ನು ಓದಿದಾಗ ನನಗೆ ಸಮಾಧಾನ ಆಗಬೇಕಿತ್ತು, ಆದದ್ದು ಸಿಟ್ಟು.

ಆದ್ದರಿಂದ, ನಂಬಿಕೆ ಹೆಚ್ಚಿದರೆ ಒಳ್ಳೆಯದೆಂಬ ನಿಮ್ಮ ಎರಡನೆಯ ಪ್ರಶ್ನೆಯ ಆಧಾರವನ್ನೇ ನಾನು ಒಪ್ಪುವುದಿಲ್ಲ. ಕಾರು ಕಾರಣ ಹೇಳಿದರೆ ಜನ ನಂಬುತ್ತಾರೆ ಎಂಬುದು ನಿಜ, ಮತ್ತು ಅಪಾಯ ಇರುವುದೂ ಅಲ್ಲಿಯೇ. ನಮ್ಮ ಪ್ರದರ್ಶನಕ್ಕೆ ಬಂದವರೂ ನಂಬಿದ್ದರು. ಬರ್ಕ್ಲಿಯವರ 2018ರ ಪ್ರಬಂಧವೇ ಎರಡು ಬಗೆಯ ವಿವರಣೆಗಳನ್ನು ಬೇರ್ಪಡಿಸಿತ್ತು: ನಿರ್ಧಾರ ಮಾಡಿದ ಭಾಗ ಚಿತ್ರದ ಎಲ್ಲಿ ಗಮನವಿಟ್ಟಿತೋ ಅದಕ್ಕೆ ಕಟ್ಟುಬಿದ್ದ ವಿವರಣೆ ಒಂದು, ಆದದ್ದನ್ನು ನೋಡಿ ಆಮೇಲೆ ಸಮರ್ಥಿಸುವ ವಿವರಣೆ ಇನ್ನೊಂದು. ಎರಡನೆಯದು ಎಷ್ಟೇ ನಿರರ್ಗಳವಾಗಿದ್ದರೂ ಕಥೆಯೇ. ‘ಮೊದಲು ಕಾರಣ ಬರೆಯಲಿ, ಆಮೇಲೆ ಪಥ ಬರೆಯಲಿ’ ಎಂದು ಕ್ರಮ ಬದಲಿಸಿದರೂ ಸಮಸ್ಯೆ ತಾನಾಗಿ ಬಗೆಹರಿಯದು. ಬರೆದ ಕಾರಣವನ್ನು ನೀವೇ ಕೈಯಿಂದ ತಿದ್ದಿ, ‘ಕೆಂಪು’ ಎಂದಿದ್ದಲ್ಲಿ ‘ಹಸಿರು’ ಎಂದಿಟ್ಟು, ನಂತರ ಬರುವ ಪಥ ಬದಲಾಗುತ್ತದೆಯೇ ನೋಡಿ. ಬದಲಾಗದಿದ್ದರೆ ಆ ಕಾರಣಕ್ಕೂ ಆ ಪಥಕ್ಕೂ ಸಂಬಂಧವಿಲ್ಲ.

ಇದೇ ತೆರನಾದ ಪರೀಕ್ಷೆಗಳನ್ನು ಚಿತ್ರದ ಕಡೆಯೂ ಮಾಡಿ, ಮತ್ತು ಮಾದರಿ ಕಟ್ಟುವ ಮೊದಲೇ ಅವನ್ನು ಬರೆದಿಡಿ. ಚಿತ್ರವನ್ನು ಕಪ್ಪು ಮಾಡಿ ಅಂಕ ನೋಡುವುದು ಕನಿಷ್ಠ ಕೆಲಸ. ಬೇರೊಂದು ದೃಶ್ಯದ ಚಿತ್ರವನ್ನು ಕೊಟ್ಟು ನೋಡುವುದು ಅದಕ್ಕಿಂತ ಕಠಿಣ, ಏಕೆಂದರೆ ಕಪ್ಪು ಚಿತ್ರ ಅಸಹಜವೆಂದು ಮಾದರಿ ಕಲಿತಿರಬಹುದು, ಇನ್ನೊಂದು ರಸ್ತೆಯ ಚಿತ್ರ ಅಸಹಜವಲ್ಲ. ಎಲ್ಲಕ್ಕಿಂತ ಹೆಚ್ಚು ಬೆಲೆಯುಳ್ಳದ್ದು ಚಿತ್ರದಲ್ಲಿ ಒಂದೇ ಒಂದು ಸಂಗತಿಯನ್ನು ಬದಲಿಸಿದ ಜೋಡಿಗಳು: ದೀಪದ ಬಣ್ಣ ಮಾತ್ರ ಬೇರೆ, ಪಾದಚಾರಿ ಇದ್ದಾನೆ ಅಥವಾ ಇಲ್ಲ, ಉಳಿದುದೆಲ್ಲ ಒಂದೇ. ಉತ್ತರ ಬದಲಾಗಬೇಕಾದಲ್ಲಿ ಬದಲಾಗುತ್ತದೆಯೇ ಎಂಬುದನ್ನು ಸರಿ-ತಪ್ಪು ಎಂದು ಎಣಿಸಿ. ವಾಕ್ಯಗಳ ಹೋಲಿಕೆಯನ್ನು ಮರೆತುಬಿಡಿ. ವೇಗದ ಅಂಕಿಗಳನ್ನು ಆರಂಭದಲ್ಲಿ ಕೊಡಲೇಬೇಡಿ. ಚಿತ್ರದಿಂದ ಉತ್ತರ ಬರುತ್ತಿದೆ ಎಂದು ಖಾತ್ರಿಯಾದ ಮೇಲೆ ಸೇರಿಸಿ, ಆಗಲೂ ತರಬೇತಿಯಲ್ಲಿ ಆಗಾಗ ಅವನ್ನು ಅಡಗಿಸುತ್ತಿರಿ.

ಇನ್ನು ಭಾಷೆ ಕಾರಿನಲ್ಲಿ ಎಲ್ಲಿರಬೇಕು ಎಂಬ ಬಗ್ಗೆ ನನ್ನ ಅಭಿಪ್ರಾಯ ಕಟುವಾಗಿದೆ: ಸ್ಟೀರಿಂಗ್ ಮತ್ತು ಬ್ರೇಕಿನ ಮೇಲೆ ಈಗಲೇ ಬೇಡ. ಗಂಟೆಗೆ 72 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 20 ಮೀಟರ್ ಸಾಗುತ್ತದೆ. ಒಂದೊಂದೇ ಟೋಕನ್ ಉದುರಿಸುವ ದೊಡ್ಡ ಮಾದರಿ ಒಂದು ವಾಕ್ಯ ಮುಗಿಸಲು ಒಂದು ಸೆಕೆಂಡು ತೆಗೆದುಕೊಂಡರೆ ಆ 20 ಮೀಟರ್ ಹೋದಂತೆಯೇ. ಚೀನಾದ ಚಿಂಗ್‌ಹುವಾ ವಿಶ್ವವಿದ್ಯಾಲಯ ಮತ್ತು ಕಾರು ಕಂಪನಿ ಲಿ ಆಟೊ ಸೇರಿ 2024ರಲ್ಲಿ ಪ್ರಕಟಿಸಿದ ಡ್ರೈವ್‌ವಿಎಲ್‌ಎಂ, ನಿಧಾನವಾಗಿ ಯೋಚಿಸುವ ದೃಷ್ಟಿ-ಭಾಷಾ ಮಾದರಿಯನ್ನು ವೇಗದ ಸಾಂಪ್ರದಾಯಿಕ ಗ್ರಹಿಕೆ-ಯೋಜನೆಯ (ಸುತ್ತಲಿನದನ್ನು ಗುರುತಿಸಿ ದಾರಿ ನಿರ್ಧರಿಸುವ) ವ್ಯವಸ್ಥೆಯ ಜೊತೆಗೆ ಜೋಡಿಸಿದ್ದು ಇದೇ ಕಾರಣಕ್ಕೆ. ಚಾಲಕರಹಿತ ಕಾರುಗಳ ಕಂಪನಿ ವೇಮೊದ ಎಮ್ಮಾ ಎಂಬ ಸಂಶೋಧನಾ ಮಾದರಿ ಅದೇ ವರ್ಷ ಪಥವನ್ನೇ ಬರಹವಾಗಿ ಬರೆದು ತೋರಿಸಿತು. ಅದರ ಕರ್ತೃಗಳೇ ಕೆಲವೇ ಚಿತ್ರಗಳನ್ನು ನಿಭಾಯಿಸಬಲ್ಲದೆಂದೂ, ಲಿಡಾರ್ (ಲೇಸರ್‌ನಿಂದ ದೂರ ಅಳೆಯುವ ಸಾಧನ) ಮತ್ತು ರೇಡಾರ್ ಸೇರಿಲ್ಲವೆಂದೂ, ಲೆಕ್ಕಾಚಾರದ ವೆಚ್ಚ ಹೆಚ್ಚೆಂದೂ ಬರೆದಿದ್ದಾರೆ. ಲಂಡನ್ನಿನ ವೇವ್ ಕಂಪನಿ 2023ರಲ್ಲಿ ಚಾಲನೆಯ ಬಗ್ಗೆ ಮಾತಾಡುವ ಲಿಂಗೊ-1 ಅನ್ನು, 2024ರಲ್ಲಿ ಮಾತಾಡುತ್ತಲೇ ಓಡಿಸುವ ಲಿಂಗೊ-2 ಅನ್ನು ತೋರಿಸಿತು. ಇವು ಆಸಕ್ತಿಕರವಾದ ಕೆಲಸಗಳು. ಆದರೆ ಒಬ್ಬ ವಿದ್ಯಾರ್ಥಿ ಸೀಮಿತ ಸಮಯದಲ್ಲಿ ಅನುಕರಿಸಬೇಕಾದವಲ್ಲ.

ಭಾಷೆ ನಿಜವಾಗಿಯೂ ಬೇಕಾಗುವುದು ವಸ್ತುಗಳನ್ನು ವರ್ಗೀಕರಿಸಲು ಮೊದಲೇ ಬರೆದಿಟ್ಟ ಪಟ್ಟಿ ಸಾಲದಾದಾಗ. 2018ರ ಮಾರ್ಚ್ 18ರಂದು ಅರಿಜೋನಾದ ಟೆಂಪಿಯಲ್ಲಿ ಪರೀಕ್ಷಾರ್ಥ ಚಾಲನೆಯಲ್ಲಿದ್ದ ಸ್ವಯಂಚಾಲಿತ ಕಾರು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಡಿಕ್ಕಿ ಹೊಡೆದು ಅವರು ಮೃತಪಟ್ಟರು. ಅಮೆರಿಕದ ಸಾರಿಗೆ ಸುರಕ್ಷಾ ಮಂಡಳಿಯ ತನಿಖೆಯ ಪ್ರಕಾರ, ವ್ಯವಸ್ಥೆ ಅವರನ್ನು 5.6 ಸೆಕೆಂಡು ಮೊದಲೇ ಪತ್ತೆಹಚ್ಚಿತ್ತು. ಆದರೆ ವಾಹನ, ಇತರ, ಸೈಕಲ್ ಎಂದು ವರ್ಗ ಬದಲಿಸುತ್ತಲೇ ಹೋಯಿತು, ಮತ್ತು ವರ್ಗ ಬದಲಾದಾಗಲೆಲ್ಲ ಹಿಂದಿನ ಚಲನೆಯ ದಾಖಲೆಯನ್ನು ಕೈಬಿಟ್ಟು ಹೊಸದಾಗಿ ಎಣಿಸತೊಡಗಿತು. ‘ಸೈಕಲ್ ತಳ್ಳಿಕೊಂಡು ನಡೆಯುತ್ತಿರುವ ವ್ಯಕ್ತಿ’ ಎಂಬುದಕ್ಕೆ ಮುಚ್ಚಿದ ಪಟ್ಟಿಯಲ್ಲಿ ಜಾಗವಿಲ್ಲ, ಭಾಷೆಯಲ್ಲಿ ಇದೆ. ಹಾಗೆಂದು ಭಾಷಾ ಮಾದರಿ ಇದ್ದಿದ್ದರೆ ಆ ಜೀವ ಉಳಿಯುತ್ತಿತ್ತೆಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಹೆಸರು ಗೊತ್ತಿಲ್ಲದಿದ್ದರೂ ಎದುರಿನ ವಸ್ತು ರಸ್ತೆಗೆ ಅಡ್ಡಲಾಗಿ ಚಲಿಸುತ್ತಿದೆ ಎಂಬುದನ್ನು ಮರೆಯದಿರುವುದು ಭಾಷೆಯ ಕೆಲಸವಲ್ಲ.

ನಿಮ್ಮ ವಿಷಯವನ್ನು ಸ್ವಲ್ಪ ಸರಿಸಿ ಎಂಬುದು ನನ್ನ ಸಲಹೆ. ಪ್ರಯಾಣಿಕರು ಕೊಡುವ ಆದೇಶವನ್ನು ದೃಶ್ಯದ ವಸ್ತುವಿಗೆ ಜೋಡಿಸುವುದನ್ನು ತೆಗೆದುಕೊಳ್ಳಿ. ಟಾಕ್2ಕಾರ್ ಎಂಬ 2019ರ ದತ್ತಾಂಶದಲ್ಲಿ ನುಸೀನ್ಸ್ ದೃಶ್ಯಗಳ ಮೇಲೆ ಬರೆದ 11,959 ಆದೇಶಗಳಿವೆ. ‘ಆ ಬಿಳಿ ವ್ಯಾನಿನ ಹಿಂದೆ ನಿಲ್ಲಿಸು’ ಎಂಬಂಥ ಮಾತಿಗೆ ಚಿತ್ರದಲ್ಲಿ ಆ ವಸ್ತುವನ್ನು ಸುತ್ತುವರಿದ ಚೌಕಟ್ಟೇ ಉತ್ತರ. ಚೌಕಟ್ಟು ಸರಿಯಾದ ಜಾಗದಲ್ಲಿದೆಯೋ ಇಲ್ಲವೋ ಎಂಬುದನ್ನು ಅಳೆಯಬಹುದು, ನಿರರ್ಗಳ ವಾಕ್ಯದಿಂದ ಮರೆಮಾಚಲಾಗದು. ಅಥವಾ ಲಕ್ಷಾಂತರ ಚಿತ್ರಗಳ ರಾಶಿಯಿಂದ ‘ರಸ್ತೆಯ ಮೇಲೆ ಬಿದ್ದ ಏಣಿ’ಯಂಥ ಅಪರೂಪದ ದೃಶ್ಯಗಳನ್ನು ಮಾತಿನಿಂದ ಹುಡುಕಿ ತೆಗೆದು ಗ್ರಹಿಕೆಯ ಮಾದರಿಗೆ ಕಲಿಸುವುದನ್ನು ತೆಗೆದುಕೊಳ್ಳಿ, ಅಲ್ಲಿ ವೇಗದ ಒತ್ತಡವಿಲ್ಲ, ತಪ್ಪು ಹೊರಬಂದರೆ ಮನುಷ್ಯರು ತೆಗೆದುಹಾಕುತ್ತಾರೆ.

ಮೊದಲ ಪ್ರಶ್ನೆಗೆ ಉತ್ತರ ಬಾಕಿಯಿದೆ. ವಾಕ್ಯಗಳ ಮೂಲಕ ಹೋಗುವ ದಾರಿಯಲ್ಲಿ ಮಾಹಿತಿ ಸೋರುತ್ತದೆ: ‘ಪಾದಚಾರಿ, ಎಡಕ್ಕೆ, 12 ಮೀಟರ್’ ಎಂಬ ಸಾಲಿನಲ್ಲಿ ಆ ವ್ಯಕ್ತಿ ಕಾರಿನತ್ತ ನೋಡುತ್ತಿದ್ದಾನೋ ಇಲ್ಲವೋ ಎಂಬುದಿಲ್ಲ. ಆದರೂ ಅದನ್ನೇ ಮೊದಲು ಕಟ್ಟಿ. ಕೆಟ್ಟರೆ ಎಲ್ಲಿ ಕೆಟ್ಟಿತೆಂದು ಓದಿ ತಿಳಿಯಬಹುದು, ಮತ್ತು ಚಿತ್ರವನ್ನು ನೇರವಾಗಿ ಓದುತ್ತದೆನ್ನುವ ಮಾದರಿ ಇದನ್ನೂ ಮೀರದಿದ್ದರೆ ಅದು ಚಿತ್ರದಿಂದ ಹೆಚ್ಚೇನನ್ನೂ ಪಡೆಯುತ್ತಿಲ್ಲ ಎಂದು ಕೂಡಲೇ ಗೊತ್ತಾಗುತ್ತದೆ.

ಎಂಥ ಕಂಪ್ಯೂಟರ್ ಬೇಕು ಎಂದೂ ಕೇಳಿದ್ದೀರಿ. 700 ಕೋಟಿ ಪ್ಯಾರಾಮೀಟರ್‌ಗಳ ಮಾದರಿಯ ಆ ಸಂಖ್ಯೆಗಳನ್ನು ಇಡಲಿಕ್ಕೇ, ಒಂದೊಂದಕ್ಕೆ 16 ಬಿಟ್‌ನಂತೆ, 14 ಜಿಬಿ ಮೆಮೊರಿ ಬೇಕು. 4 ಬಿಟ್‌ಗೆ ಇಳಿಸಿದರೆ 3.5 ಜಿಬಿ. ಲೋರಾ ವಿಧಾನದಲ್ಲಿ ಸಣ್ಣ ಹೆಚ್ಚುವರಿ ಪದರಗಳನ್ನು ಮಾತ್ರ ಕಲಿಸಿದರೆ 24 ಜಿಬಿಯ ಒಂದೇ ಜಿಪಿಯು (ಗ್ರಾಫಿಕ್ಸ್ ಚಿಪ್) ಸಾಕಾಗುತ್ತದೆ. ಇನ್ನೂ ದೊಡ್ಡ ಯಂತ್ರಕ್ಕಾಗಿ ಅರ್ಜಿ ಹಾಕುವ ಬದಲು ಆ ಹಣವನ್ನು ಒಂದೇ ಸಂಗತಿ ಬದಲಾದ ಜೋಡಿ ಚಿತ್ರಗಳನ್ನು ಮಾಡಿಸಲು ಕೇಳಿ. ನಿಮ್ಮ ಮಾರ್ಗದರ್ಶಕರು ಚಿತ್ರವಿಲ್ಲದೆ ಬಂದ ಅಂಕವನ್ನು ಅನುಬಂಧಕ್ಕೆ ತಳ್ಳಿ ಎನ್ನಬಹುದು. ಒಪ್ಪದೆ, ಅದನ್ನು ಮೊದಲ ಕೋಷ್ಟಕದ ಮೊದಲ ಸಾಲಿನಲ್ಲೇ ಹಾಕಿಸಿ.